ಬ್ರೆಜಿಲ್‌ನಲ್ಲಿ ಗಾಡಿ ಓಡಿಸುವುದು: ಹೊಸದಾಗಿ ಬರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಬ್ರೆಜಿಲ್‌ಗೆ ಬರುವ ನಮ್ಮವರು ಮೊದಲು ಕೇಳುವುದು ಮನೆ ಬಾಡಿಗೆ, ಆಮೇಲೆ ಅಕ್ಕಿ ಬೇಳೆ ಎಲ್ಲಿ ಸಿಗುತ್ತದೆ ಅಂತ, ಮೂರನೆಯದು ಕಾರು. ಮೊದಲ ಎರಡಕ್ಕೆ ಯಾರು ಬೇಕಾದರೂ ಉತ್ತರ ಹೇಳುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ "ಇಲ್ಲಿ ಆರಾಮು, ತಲೆ ಕೆಡಿಸಿಕೊಳ್ಳಬೇಡಿ" ಎಂದು ಹೇಳಿ ಕಳಿಸುವವರೇ ಜಾಸ್ತಿ. ಆ ಮಾತು ನನಗೆ ಒಪ್ಪಿಗೆಯಿಲ್ಲ, ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ನಾನಿರುವುದು ಸಾವೊ ಪೌಲೊ ರಾಜ್ಯದ ಕ್ಯಾಂಪಿನಾಸ್‌ನಲ್ಲಿ. ಹಾಗಾಗಿ ಈ ಕಡೆಯ ರಸ್ತೆಗಳ ಮಾತೇ ಹೆಚ್ಚು ಬರುತ್ತದೆ.

ಬ್ರೆಜಿಲ್‌ನವರು ನಮಗಿಂತ ಚೆನ್ನಾಗಿ ಓಡಿಸುತ್ತಾರಾ?

ನೋಡುವುದಕ್ಕೆ ಹೌದು. ಲೇನ್ ಹಿಡಿದು ಹೋಗುತ್ತಾರೆ. ಬೆಲ್ಟ್ ಹಾಕುತ್ತಾರೆ. ರಾಂಗ್ ಸೈಡಿನಲ್ಲಿ ನುಗ್ಗುವುದು ಅಪರೂಪ. ಹಾರ್ನ್ ತೀರಾ ಕಡಿಮೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾರ್ನ್ ಮಾಡಿದರೆ ದಂಡ ಹಾಕಬಹುದು ಎಂದು ಕಾನೂನಿನಲ್ಲೇ ಇದೆ. ಸಿಲ್ಕ್ ಬೋರ್ಡಿನಲ್ಲಿ ದಿನಾ ಒದ್ದಾಡಿ ಬಂದವರಿಗೆ ಮೊದಲ ವಾರ ಸ್ವರ್ಗ ಅನ್ನಿಸುತ್ತದೆ, ಅದು ಸಹಜ.

ಆದರೆ ಅಪಾಯ ಎಲ್ಲಿದೆ ಅಂತ ಗುರುತಿಸುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮೂರಿನಲ್ಲಿ ಗಲಾಟೆ ಜಾಸ್ತಿ ಇದ್ದ ಕಡೆ ನಾವು ಹುಷಾರಾಗುತ್ತೇವೆ, ಖಾಲಿ ರಸ್ತೆಯಲ್ಲಿ ಸಡಿಲವಾಗುತ್ತೇವೆ. ಇಲ್ಲಿ ಗಲಾಟೆಯೇ ಇಲ್ಲದ ರಸ್ತೆಯಲ್ಲೂ ವೇಗದಿಂದಾಗಿ ಜನ ಸಾಯುತ್ತಾರೆ. ಎಲ್ಲರೂ ಶಿಸ್ತಾಗಿ 110ರಲ್ಲಿ ಹೋಗುತ್ತಿರುತ್ತಾರೆ, ಹಿಂದಿನವನಿಗೂ ನಿಮಗೂ ನಡುವೆ ಒಂದು ಕಾರಿನಷ್ಟೂ ಜಾಗ ಇರುವುದಿಲ್ಲ. ಮುಂದೆ ಒಬ್ಬ ಬ್ರೇಕ್ ಹಾಕಿದರೆ ಮುಗಿಯಿತು.

ಇನ್ನೊಂದು ಮಾತು. ಇಲ್ಲಿಯವರು ನಿಜಕ್ಕೂ ಪ್ರೀತಿಯ ಜನ. ಲಿಫ್ಟಿನಲ್ಲಿ ಗುರುತಿಲ್ಲದವರೂ ನಮಸ್ಕಾರ ಹೇಳುತ್ತಾರೆ, ದಾರಿ ಕೇಳಿದರೆ ಜೊತೆಗೆ ನಡೆದುಕೊಂಡು ಬಂದು ತೋರಿಸುತ್ತಾರೆ. ಅದೇ ಮನುಷ್ಯ ಸಾವೊ ಪೌಲೊದ ಮಾರ್ಜಿನಲ್ ರಸ್ತೆಯಲ್ಲಿ, ಅಂದರೆ ನದಿ ದಡದ ವೇಗದ ರಸ್ತೆಯಲ್ಲಿ, ನೀವು ಇಂಡಿಕೇಟರ್ ಹಾಕಿದ ತಕ್ಷಣ ಜಾಗ ಮುಚ್ಚಿಬಿಡುತ್ತಾನೆ. ಗಾಜು ಇಳಿಸಿ ಕೈ ತೋರಿಸಿ ಕೇಳಿದರೆ ಬಿಡುತ್ತಾನೆ. ಬಿಟ್ಟಾಗ ಹೆಬ್ಬೆರಳು ಎತ್ತಿ ತೋರಿಸಿ, ಅದೇ ಇಲ್ಲಿಯ ಥ್ಯಾಂಕ್ಸ್. ಮುಖ ಕಂಡರೆ ಇಲ್ಲಿಯ ಜನ ಬೇರೆಯೇ. ಆದರೆ ಇಲ್ಲಿಯ ಕಾರುಗಳ ಗಾಜಿಗೆಲ್ಲ ಕಪ್ಪು ಫಿಲ್ಮ್ ಇರುವುದರಿಂದ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ.

ಭಾರತದಲ್ಲಿ ಸಾಯುವವರು ಇನ್ನೂ ಜಾಸ್ತಿ ಅಲ್ವಾ?

ಒಟ್ಟು ಲೆಕ್ಕದಲ್ಲಿ ಹೌದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅದೇ ವರ್ಷ ಬ್ರೆಜಿಲ್‌ನಲ್ಲಿ ಸುಮಾರು 34 ಸಾವಿರ. ಆದರೆ ಇಲ್ಲಿಯ ಜನಸಂಖ್ಯೆ 20 ಕೋಟಿ ಚಿಲ್ಲರೆ ಅಷ್ಟೇ. ಭಾಗಿಸಿ ನೋಡಿ, ಲಕ್ಷಕ್ಕೆ 16-17 ಜನ ಬರುತ್ತದೆ. ನಮ್ಮ ಸರ್ಕಾರಿ ಅಂಕಿಯಲ್ಲಿ ಅದು ಸುಮಾರು 12. ಅಂದರೆ ಲೇನ್, ಕ್ಯಾಮೆರಾ, ಏರ್‌ಬ್ಯಾಗ್ ಎಲ್ಲ ಇದ್ದೂ ಇಲ್ಲಿಯ ರಸ್ತೆ ನಮ್ಮದಕ್ಕಿಂತ ಸುರಕ್ಷಿತ ಅಂತ ಹೇಳುವ ಹಾಗಿಲ್ಲ. 2014ರ ಹೊತ್ತಿಗೆ ಇಲ್ಲಿ ವರ್ಷಕ್ಕೆ 43 ಸಾವಿರ ದಾಟಿತ್ತು. ಆಮೇಲೆ ಇಳಿಯಿತು, ಈಗ ಮತ್ತೆ ಏರುಮುಖವಾಗಿದೆ. ಏರುತ್ತಿರುವುದಕ್ಕೆ ದೊಡ್ಡ ಕಾರಣ ಬೈಕು. ಅದನ್ನು ಕೆಳಗೆ ಬರೆದಿದ್ದೇನೆ.

ಬಲಗಡೆ ಓಡಿಸುವುದು ಕಷ್ಟವಾ?

ನೇರ ರಸ್ತೆಯಲ್ಲಿ ಏನೂ ಕಷ್ಟವಿಲ್ಲ. ತಿರುವಿನಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ, ಬೆಳಗ್ಗೆ ಖಾಲಿ ರಸ್ತೆಗೆ ಇಳಿಯುವಾಗ ಮನಸ್ಸು ಎಡಕ್ಕೇ ಎಳೆಯುತ್ತದೆ. ಒಂದು ವಿಷಯ ಮೊದಲ ದಿನವೇ ತಲೆಯಲ್ಲಿ ಇಟ್ಟುಕೊಳ್ಳಿ. ರಸ್ತೆ ಮಧ್ಯದ ಗೆರೆ ಹಳದಿ ಇದ್ದರೆ ಆ ಕಡೆ ಎದುರು ಬರುವ ಗಾಡಿಗಳಿವೆ, ಬಿಳಿ ಇದ್ದರೆ ಎಲ್ಲರೂ ನಿಮ್ಮ ದಿಕ್ಕಿಗೇ ಹೋಗುತ್ತಿದ್ದಾರೆ. ಹಳದಿ ಗೆರೆ ಯಾವಾಗಲೂ ನಿಮ್ಮ ಎಡಕ್ಕೆ ಇರಬೇಕು. ಇದೊಂದನ್ನು ಗಮನಿಸಿದರೆ ಅರ್ಧ ಗೊಂದಲ ಹೋಗುತ್ತದೆ.

ನಮ್ಮ ಲೈಸೆನ್ಸ್ ನಡೆಯುತ್ತದಾ?

ಬ್ರೆಜಿಲ್ ಜೊತೆ ಒಪ್ಪಂದವೋ ಪರಸ್ಪರ ಮಾನ್ಯತೆಯೋ ಇರುವ ದೇಶದವರು ಬಂದ ದಿನದಿಂದ 180 ದಿನದವರೆಗೆ ಸ್ವಂತ ಲೈಸೆನ್ಸಿನಲ್ಲಿ ಓಡಿಸಬಹುದು. ಸ್ಟಿಯರಿಂಗ್ ಹಿಡಿಯುವ ಮೊದಲು ನಿಮ್ಮ ರಾಜ್ಯದ ಸಾರಿಗೆ ಇಲಾಖೆಯಲ್ಲಿ, ಅಂದರೆ ಡೆಟ್ರಾನ್‌ನಲ್ಲಿ, ಭಾರತದ ಲೈಸೆನ್ಸ್ ಬಗ್ಗೆ ವಿಚಾರಿಸಿ. ಸ್ನೇಹಿತರ ಮಾತು ನಂಬಿ ಇಳಿಯಬೇಡಿ. ಊರಿನಿಂದ ಹೊರಡುವಾಗಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ, ಉಪಯೋಗಕ್ಕೆ ಬರಬಹುದು. ಲೈಸೆನ್ಸಿನ ಅನುವಾದ ಬೇಕಾದರೆ ಅಧಿಕೃತ ಅನುವಾದಕರಿಂದಲೇ ಮಾಡಿಸಬೇಕು.

ವಾಸ ಮುಂದುವರಿದರೆ ಇಲ್ಲಿಯ ಲೈಸೆನ್ಸ್, ಅಂದರೆ ಸಿಎನ್‌ಎಚ್, ಮಾಡಿಸಲೇಬೇಕು. ತೆರಿಗೆ ಸಂಖ್ಯೆ, ವಲಸೆ ಕಾರ್ಡು, ವಿಳಾಸದ ದಾಖಲೆ ಬೇಕು. ಕಣ್ಣಿನ ಪರೀಕ್ಷೆಯ ಜೊತೆಗೆ ಮನಶ್ಶಾಸ್ತ್ರದ ಪರೀಕ್ಷೆಯೂ ಇದೆ. ನಮ್ಮವರು ಗಾಬರಿಯಾಗುವುದು ಅದಕ್ಕೇ. ಒಂದು ಹಾಳೆ ಕೊಟ್ಟು ಸಣ್ಣ ಸಣ್ಣ ಉದ್ದಗೆರೆಗಳನ್ನು ಸಾಲಾಗಿ ಬೇಗ ಬೇಗ ಎಳೆಯಿರಿ ಎನ್ನುತ್ತಾರೆ. ನಡುನಡುವೆ ಅವರು ಹೇಳಿದಾಗ ಗುರುತು ಹಾಕಿ ಮುಂದುವರಿಸಬೇಕು. ಗೆರೆ ಓರೆಯಾಗುತ್ತಿದೆಯೇ, ಕೊನೆಗೆ ಬರುವಷ್ಟರಲ್ಲಿ ಸುಸ್ತಾಗಿ ಚಿಕ್ಕದಾಗುತ್ತಿದೆಯೇ ಅಂತ ನೋಡುತ್ತಾರೆ. ಹೆದರುವ ಅಗತ್ಯವಿಲ್ಲ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಹೋಗಿ ಸಾಕು.

ಬೈಕುಗಳು ಕಾರುಗಳ ನಡುವೆ ಅಷ್ಟು ಜೋರಾಗಿ ಹೋಗುತ್ತಾವಲ್ಲ, ಅದು ಕಾನೂನುಬಾಹಿರ ಅಲ್ವಾ?

ಅಲ್ಲ. 1997ರ ಸಂಚಾರ ಕಾಯ್ದೆಯ ಕರಡಿನಲ್ಲಿ ಅದನ್ನು ನಿಷೇಧಿಸುವ ಕಲಂ ಇತ್ತು, ಸಹಿ ಹಾಕುವ ಹೊತ್ತಿಗೆ ಅದನ್ನು ತೆಗೆದುಹಾಕಿದರು. ಆವತ್ತಿನಿಂದ ಎರಡು ಲೇನ್‌ಗಳ ನಡುವಿನ ಆ ಸಣ್ಣ ಜಾಗ ಬೈಕಿನವರದ್ದೇ. ಸಾವೊ ಪೌಲೊದಲ್ಲಿ ಟ್ರಾಫಿಕ್ ನಿಂತಿರುತ್ತದೆ, ನಿಮ್ಮ ಕನ್ನಡಿಯ ಪಕ್ಕದಲ್ಲಿ ಮೋಟೊಬಾಯ್‌ಗಳು ಒಬ್ಬರ ಹಿಂದೆ ಒಬ್ಬರು ಪೀಂ ಪೀಂ ಎನ್ನುತ್ತಾ ಸಾಲಾಗಿ ಹೋಗುತ್ತಾರೆ. ಊಟ, ಔಷಧಿ, ಕಾಗದ ಪತ್ರ ಹೊತ್ತು ಹೋಗುವ ಹುಡುಗರು ಅವರು. ಆ ಪೀಂ ಪೀಂ ಬೈಗುಳವಲ್ಲ, ನಾನು ಬರುತ್ತಿದ್ದೇನೆ, ಸ್ಟಿಯರಿಂಗ್ ಅಲ್ಲಾಡಿಸಬೇಡ ಅಂತ.

ಹಾಗಾಗಿ ಲೇನ್ ಬದಲಿಸುವ ಮುಂಚೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎರಡು ಸೆಕೆಂಡ್ ಬಿಟ್ಟು ಮತ್ತೆ ಕನ್ನಡಿ ನೋಡಿ, ಆಮೇಲೆ ತಿರುಗಿಸಿ. ಮೊದಲ ಸಲ ಖಾಲಿ ಇದ್ದ ಕನ್ನಡಿಯಲ್ಲಿ ಎರಡನೇ ಸಲ ಬೈಕ್ ಇರುತ್ತದೆ. ಎಡತುದಿಯ ಲೇನ್‌ನಲ್ಲಿ ಇದ್ದರೆ ಇನ್ನಷ್ಟು ಎಡಕ್ಕೆ ಒತ್ತಿ, ಅದರ ಪಕ್ಕದ ಲೇನ್‌ನಲ್ಲಿ ಇದ್ದರೆ ಬಲಕ್ಕೆ ಒತ್ತಿ ಅವರಿಗೆ ದಾರಿ ಬಿಡಿ. ಇಲ್ಲಿಯವರು ಯೋಚನೆಯೇ ಇಲ್ಲದೆ ಹಾಗೆ ಮಾಡುತ್ತಾರೆ.

2022ರ ಜನವರಿಯಲ್ಲಿ ಸಾವೊ ಪೌಲೊ ನಗರ 23 ಡಿ ಮಾಯೊ ರಸ್ತೆಯಲ್ಲಿ ಈ ಸಂದಿಗೆ ನೀಲಿ ಗೆರೆ ಹಾಕಿ ಬೈಕಿಗೇ ಮೀಸಲಿಟ್ಟಿತು. ಆಮೇಲೆ ಬೇರೆ ರಸ್ತೆಗಳಿಗೂ ಅದು ಬಂತು. ಗೆರೆ ಇದ್ದ ಕಡೆ ಕಾರಿನವರು ಎಚ್ಚರವಾಗುತ್ತಾರೆ ಎನ್ನುವುದು ನಿಜ, ಆದರೆ ಬೈಕಿನ ವೇಗವೂ ಏರುತ್ತದೆ. ನನಗೆ ಅದರ ಬಗ್ಗೆ ಪೂರ್ತಿ ಸಮಾಧಾನವಿಲ್ಲ.

ಇಲ್ಲಿ ರಸ್ತೆಯಲ್ಲಿ ಸಾಯುವ ಹತ್ತು ಜನರಲ್ಲಿ ಸುಮಾರು ನಾಲ್ವರು ಬೈಕಿನವರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಡೆಲಿವರಿ ಹತ್ತು ನಿಮಿಷ ತಡವಾದರೆ ದಯವಿಟ್ಟು ಆ ಹುಡುಗನ ಮೇಲೆ ಕೂಗಾಡಬೇಡಿ, ಕಡಿಮೆ ಸ್ಟಾರ್ ಕೊಡಬೇಡಿ. ಇದನ್ನು ಕಾರು ಇಲ್ಲದವರೂ ಪಾಲಿಸಬಹುದು.

ಬೈಕಿನ ಹ್ಯಾಂಡಲ್ ಪಕ್ಕ ರೇಡಿಯೊ ಆಂಟೆನಾ ಥರ ಒಂದು ಕಡ್ಡಿ ನಿಂತಿರುತ್ತದಲ್ಲ, ಏನದು?

ಗಾಳಿಪಟದ ದಾರದಿಂದ ಕುತ್ತಿಗೆ ಉಳಿಸಿಕೊಳ್ಳುವ ಕಡ್ಡಿ. ಇಲ್ಲಿ ಮಕ್ಕಳು, ದೊಡ್ಡವರು ಇಬ್ಬರೂ ಗಾಳಿಪಟದ ಪಂದ್ಯ ಆಡುತ್ತಾರೆ. ದಾರಕ್ಕೆ ಗಾಜಿನ ಪುಡಿ, ಅಂಟು ಬಳಿಯುತ್ತಾರೆ. ಅದಕ್ಕೆ ಸೆರೋಲ್ ಎನ್ನುತ್ತಾರೆ. ನಮ್ಮ ಮಾಂಜಾನೇ. ರಸ್ತೆಗೆ ಅಡ್ಡಲಾಗಿ ಬಿದ್ದ ದಾರ ಓಡುವ ಬೈಕಿನವನ ಕಣ್ಣಿಗೆ ಕಾಣುವುದಿಲ್ಲ. ಈ ಕಡ್ಡಿಯ ತುದಿಯಲ್ಲಿ ಸಣ್ಣ ಕೊಕ್ಕೆ ಇದೆ, ದಾರ ಬಂದು ಕಡ್ಡಿಗೆ ತಾಗಿ ಮೇಲಕ್ಕೆ ಜಾರಿ ಆ ಕೊಕ್ಕೆಯಲ್ಲಿ ಸಿಕ್ಕಿ ತುಂಡಾಗುತ್ತದೆ. ಬೈಕಿನಲ್ಲಿ ಸಾಮಾನು ಸಾಗಿಸುವ ಕೆಲಸದವರಿಗೆ 2009ರ ಕಾನೂನು ಇದನ್ನು ಕಡ್ಡಾಯ ಮಾಡಿದೆ. ಜುಲೈ ರಜೆಯಲ್ಲಿ, ಡಿಸೆಂಬರ್‌ನಿಂದ ಜನವರಿವರೆಗೆ ಬೈಕ್ ಓಡಿಸುವವರು ಕಡ್ಡಿಯನ್ನು ಪೂರ್ತಿ ಎಳೆದು ಎತ್ತರಕ್ಕೆ ನಿಲ್ಲಿಸಿಕೊಳ್ಳಬೇಕು, ಅರ್ಧಕ್ಕೆ ಬಿಟ್ಟರೆ ಪ್ರಯೋಜನವಿಲ್ಲ.

ಬೆಲೆ ತೀರಾ ಕಡಿಮೆ, ಸ್ಕ್ರೂಡ್ರೈವರ್ ಇದ್ದರೆ ಮನೆಯಲ್ಲೇ ಹಾಕಬಹುದು. ಬೆಳಗಾವಿ, ಬೀದರ್ ಕಡೆ ಸಂಕ್ರಾಂತಿ ಹೊತ್ತಿಗೆ ಮಾಂಜಾ ಕುತ್ತಿಗೆ ಕೊಯ್ದ ಸುದ್ದಿ ಓದಿದಾಗಲೆಲ್ಲ ಈ ಕಡ್ಡಿ ನಮ್ಮಲ್ಲಿ ಯಾಕೆ ಇಲ್ಲ ಅಂತ ಹೊಟ್ಟೆ ಉರಿಯುತ್ತದೆ. ಊರಿಗೆ ಹೋಗುವವರು ತಮ್ಮಂದಿರಿಗೆ, ಭಾವಂದಿರಿಗೆ ಒಂದೊಂದು ತೆಗೆದುಕೊಂಡು ಹೋಗಿ.

ಒಂದು ಬಿಯರ್ ಕುಡಿದು ಓಡಿಸಬಹುದಾ?

ಬೇಡ. ಅರ್ಧ ಗ್ಲಾಸೂ ಬೇಡ. 2008ರ ಜೂನ್‌ನಲ್ಲಿ ಬಂದ ಲೇಯ್ ಸೇಕಾ, ಅಂದರೆ ಕುಡಿದು ಓಡಿಸುವುದನ್ನು ತಡೆಯುವ ಕಾನೂನು, 2012ರ ಕೊನೆಯಲ್ಲಿ ಇನ್ನೂ ಬಿಗಿಯಾಯಿತು. ನಮ್ಮಲ್ಲಿ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂವರೆಗೆ ನಡೆಯುತ್ತದೆ, ಇಲ್ಲಿ ಮಿತಿ ಸೊನ್ನೆ. ಮಷಿನ್ನಿನ ತಪ್ಪಿಗೆಂದು ಒಂದಿಷ್ಟು ಬಿಡುತ್ತಾರೆ ಅಷ್ಟೇ. ಸಿಕ್ಕಿಬಿದ್ದರೆ 2,934.70 ರಿಯಲ್ ದಂಡ, ರೂಪಾಯಿಯಲ್ಲಿ ಅರ್ಧ ಲಕ್ಷದ ಹತ್ತಿರ. ಒಂದು ವರ್ಷ ಲೈಸೆನ್ಸ್ ಅಮಾನತು. ಪ್ರಮಾಣ ಜಾಸ್ತಿ ಇದ್ದರೆ ಕ್ರಿಮಿನಲ್ ಕೇಸು. "ನಾನು ಊದುವುದಿಲ್ಲ" ಎಂದರೂ ಅದೇ ದಂಡ, ಅದೇ ಅಮಾನತು. ವರ್ಷದೊಳಗೆ ಎರಡನೇ ಸಲ ಆದರೆ ದಂಡ ಎರಡರಷ್ಟು.

ಇಲ್ಲಿಯ ತಪಾಸಣೆ ಹೇಗಿರುತ್ತದೆ ಎಂದರೆ, ಶುಕ್ರವಾರ ರಾತ್ರಿ ಒಂದು ತಿರುವು ದಾಟಿದ ತಕ್ಷಣ ಕೋನ್‌ಗಳು, ಬೆಳಕು, ಟೆಂಟು. ಹಿಂದೆ ತಿರುಗಿಸಲು ಜಾಗವೇ ಇರುವುದಿಲ್ಲ. ಬ್ಲಿಟ್ಸ್ ಎನ್ನುತ್ತಾರೆ. ರಿಯೊದಲ್ಲಿ 2009ರ ಮಾರ್ಚ್‌ನಿಂದ ಇದಕ್ಕೇ ಒಂದು ಪ್ರತ್ಯೇಕ ತಂಡವಿದೆ. ಅದರ ಪ್ರಚಾರ ಕೆಲಸದಲ್ಲಿ ಅಪಘಾತದಿಂದ ಗಾಲಿಕುರ್ಚಿ ಹಿಡಿದವರೂ ಇದ್ದಾರೆ. ಬಾರುಗಳ ಮುಂದೆ, ಟೇಬಲ್‌ಗಳ ನಡುವೆ ಗಾಲಿಕುರ್ಚಿಯಲ್ಲಿ ಬಂದು ತಮ್ಮ ಕಥೆ ತಾವೇ ಹೇಳುತ್ತಾರೆ. ಯಾವ ಪೋಸ್ಟರಿಗೂ ಆ ಶಕ್ತಿ ಇಲ್ಲ ಅಂತ ನಾನು ನಂಬುತ್ತೇನೆ.

ಇದರಿಂದ ಬದಲಾವಣೆ ಆಗಿದೆಯಾ ಎಂದರೆ, ದೊಡ್ಡ ನಗರಗಳಲ್ಲಿ ಖಂಡಿತ ಆಗಿದೆ. ನನ್ನ ಆಫೀಸಿನ ಹಿರಿಯರು ಹಿಂದೆಲ್ಲ ಚುರಾಸ್ಕೊ ಎನ್ನುವ ಸುಟ್ಟ ಮಾಂಸದ ಊಟದಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕುಡಿದು ಹಾಗೇ ಕಾರು ಹತ್ತಿ ಹೋಗುತ್ತಿದ್ದರಂತೆ. ಈಗ ಅವರ ಮಕ್ಕಳು ಮನೆಯಿಂದಲೇ ಕ್ಯಾಬಿನಲ್ಲಿ ಬರುತ್ತಾರೆ. ಒಳನಾಡಿನ ಸಣ್ಣ ಊರುಗಳಲ್ಲಿ ಮಾತ್ರ ಹಳೇ ಚಾಳಿ ಇನ್ನೂ ಇದೆ. ಭಾನುವಾರ ಸಂಜೆ ಹಳ್ಳಿ ಕಡೆಯ ರಸ್ತೆಯಲ್ಲಿ ಜಾಸ್ತಿ ಹುಷಾರಾಗಿರಿ.

ಕ್ಯಾಮೆರಾ, ದಂಡ, ಪಾಯಿಂಟ್ ಲೆಕ್ಕ ಹೇಗೆ?

ದಂಡ ನಾಲ್ಕು ಮಟ್ಟದ್ದು: 88.38, 130.16, 195.23, 293.47 ರಿಯಲ್. ಜೊತೆಗೆ ಲೈಸೆನ್ಸಿನ ಮೇಲೆ ಬೀಳುವ ತಪ್ಪಿನ ಪಾಯಿಂಟ್ ಕ್ರಮವಾಗಿ 3, 4, 5, 7. ಕೆಲವು ತಪ್ಪಿಗೆ ಅತಿ ದೊಡ್ಡ ಮಟ್ಟದ ದಂಡವನ್ನು ಮೂರು, ಐದು, ಹತ್ತರಿಂದ ಗುಣಿಸುತ್ತಾರೆ. ಫೋನ್ ಕೈಯಲ್ಲಿ ಹಿಡಿದಿದ್ದರೆ ಸಿಗ್ನಲ್‌ನಲ್ಲಿ ನಿಂತಿದ್ದರೂ 293.47.

ನಮ್ಮವರಿಗೆ ಆಶ್ಚರ್ಯವಾಗುವ ಕೆಲವು ತಪ್ಪುಗಳಿವೆ. ಹವಾಯಿ ಚಪ್ಪಲಿ ಹಾಕಿ ಓಡಿಸುವಂತಿಲ್ಲ, ಬರಿಗಾಲಿನಲ್ಲಿ ಓಡಿಸಬಹುದು. ಮೊಣಕೈ ಕಿಟಕಿ ಹೊರಗೆ ಇಡುವಂತಿಲ್ಲ. ರಸ್ತೆ ಮಧ್ಯೆ ಪೆಟ್ರೋಲ್ ಖಾಲಿಯಾಗಿ ನಿಂತರೆ ದಂಡ. ಮಳೆಯಲ್ಲಿ ನಡೆದು ಹೋಗುವವರ ಮೇಲೆ ನೀರು ಹಾರಿಸಿದರೂ ದಂಡ. ಈ ಕೊನೆಯದು ನನಗೆ ಬಹಳ ಇಷ್ಟವಾದ ಕಾನೂನು.

ಕ್ಯಾಮೆರಾ ಎಲ್ಲೆಲ್ಲೂ ಇದೆ. ಜನ ಕ್ಯಾಮೆರಾ ಬಳಿ 60ಕ್ಕೆ ಇಳಿಸಿ, ದಾಟಿದ ಕೂಡಲೇ ಮತ್ತೆ 90ಕ್ಕೆ ಏರಿಸುತ್ತಾರೆ, ಫೋನಿನ ಆ್ಯಪ್ ಮುಂಚೆಯೇ ಎಚ್ಚರಿಸುತ್ತದೆ. ಅವರು ಸಡನ್ ಬ್ರೇಕ್ ಹಾಕುವುದು ಅಲ್ಲೇ, ಹಾಗಾಗಿ ಕ್ಯಾಮೆರಾ ಹತ್ತಿರ ಹಿಂದಿನವರನ್ನೂ ನೋಡಿಕೊಳ್ಳಿ. ವೇಗ ಇಳಿಸುವುದು ಇಲ್ಲಿ ರಾಜಕೀಯದ ವಿಷಯವೂ ಹೌದು. ಸಾವೊ ಪೌಲೊದ ಮಾರ್ಜಿನಲ್ ರಸ್ತೆಗಳ ಮಿತಿಯನ್ನು 2015ರಲ್ಲಿ ಒಬ್ಬ ಮೇಯರ್ ಇಳಿಸಿದರು. ಮತ್ತೆ ಏರಿಸುತ್ತೇನೆ ಎಂದು ಚುನಾವಣೆಯಲ್ಲಿ ಮಾತು ಕೊಟ್ಟವರು ಗೆದ್ದು 2017ರ ಜನವರಿಯಲ್ಲಿ ಏರಿಸಿಯೇಬಿಟ್ಟರು. ಅದೇ ಹೊತ್ತಿಗೆ ಈಶಾನ್ಯದ ಫೋರ್ಟಲೆಜಾ ನಗರ ಸದ್ದಿಲ್ಲದೆ ಒಂದೊಂದೇ ರಸ್ತೆಯ ವೇಗ 50ಕ್ಕೆ ಇಳಿಸಿ, ದಾಟುವ ಜಾಗ ಸರಿಮಾಡಿ, ಸೈಕಲ್ ಪಥ ಹಾಕಿ, ರಸ್ತೆ ಸಾವನ್ನು ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ತಂದಿತು. ಇಲ್ಲಿಯ ಜನ ಬದಲಾಗುವುದಿಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಫೋರ್ಟಲೆಜಾ.

ರಾತ್ರಿ ರೆಡ್ ಸಿಗ್ನಲ್‌ನಲ್ಲಿ ಯಾರೂ ನಿಲ್ಲುವುದಿಲ್ಲವಲ್ಲ?

ಕಳ್ಳರ ಭಯ. ತಡರಾತ್ರಿ ಖಾಲಿ ಸಿಗ್ನಲ್‌ನಲ್ಲಿ ನಿಂತ ಕಾರು ಸುಲಭದ ಗುರಿ. ಅದಕ್ಕೆ ಜನ ನಿಧಾನ ಮಾಡಿ, ಎರಡೂ ಕಡೆ ನೋಡಿ ದಾಟಿಬಿಡುತ್ತಾರೆ. ನೀವು ದೂರದಿಂದಲೇ ವೇಗ ಇಳಿಸುತ್ತಾ ಬಂದು, ಹತ್ತಿರ ಬರುವಷ್ಟರಲ್ಲಿ ಹಸಿರು ಆಗುವ ಹಾಗೆ ಲೆಕ್ಕ ಹಾಕಿ. ನಿಂತಾಗ ಮುಂದಿನ ಕಾರಿನ ಹಿಂದಿನ ಟೈರು ಕಾಣುವಷ್ಟು ಜಾಗ ಬಿಡಿ. ಗಾಜು ಮೇಲಿರಲಿ, ಫೋನ್ ಡ್ಯಾಶ್‌ಬೋರ್ಡ್ ಮೇಲೆ ಬೇಡ. ಮುಖ್ಯವಾದದ್ದು ಇನ್ನೊಂದಿದೆ: ನಿಮಗೆ ಹಸಿರು ಇದ್ದರೂ ರಾತ್ರಿ ಕಣ್ಣು ಮುಚ್ಚಿ ನುಗ್ಗಬೇಡಿ, ಅಡ್ಡ ರಸ್ತೆಯವನು ಕೆಂಪು ದಾಟಿ ಬರುತ್ತಿರಬಹುದು.

ಹೈವೇ ಹೇಗಿದೆ?

ಎರಡು ಬ್ರೆಜಿಲ್ ಇದೆ ಅಂದುಕೊಳ್ಳಿ. ಸಾವೊ ಪೌಲೊ ರಾಜ್ಯದ ಬಂಡೆಯ್ರಾಂಟಿಸ್, ಇಮಿಗ್ರಾಂಟಿಸ್ ಥರದ ಟೋಲ್ ರಸ್ತೆಗಳು ಅದ್ಭುತ. ಬಂಡೆಯ್ರಾಂಟಿಸ್‌ನಲ್ಲಿ ಮಿತಿ 120. ಗಾಡಿ ಕೆಟ್ಟರೆ ಟೋಲ್ ಕಂಪನಿಯ ಕ್ರೇನ್, ಆಂಬುಲೆನ್ಸ್ ಬರುತ್ತದೆ. ಸಾಂತೋಸ್ ಕಡೆಗೆ ಘಾಟಿ ಇಳಿಯುವಾಗ ದಟ್ಟ ಮಂಜು ಕವಿದರೆ ಟೋಲ್ ಬಳಿಯೇ ಎಲ್ಲರನ್ನೂ ತಡೆದು ಗುಂಪು ಕಟ್ಟಿ, ಮುಂದೆ ಬೆಂಗಾವಲು ಗಾಡಿ ಬಿಟ್ಟು, 40 ಕಿಲೋಮೀಟರ್ ವೇಗದಲ್ಲಿ ಕರೆದುಕೊಂಡು ಹೋಗುತ್ತಾರೆ. ಶಿರಾಡಿ, ಚಾರ್ಮಾಡಿಯಲ್ಲಿ ಮಂಜಿನ ನಡುವೆ ಉಸಿರು ಬಿಗಿಹಿಡಿದು ಇಳಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಬ್ರೆಜಿಲ್ ಅಂದರೆ ಕೇಂದ್ರ ಸರ್ಕಾರದ ಬಿಆರ್ ರಸ್ತೆಗಳು, ಅದರಲ್ಲಿ ಬಹುಪಾಲು ಇನ್ನೂ ಡಿವೈಡರ್ ಇಲ್ಲದವು. ಒಂದು ಲೇನ್ ಹೋಗಲು, ಒಂದು ಬರಲು. ಅದರಲ್ಲೇ ಸೋಯಾ, ಕಬ್ಬು, ಕಬ್ಬಿಣದ ಅದಿರು ಹೊತ್ತ ಲಾರಿಗಳು, ಕೆಲವು 30 ಮೀಟರ್ ಉದ್ದದವು. ಓವರ್‌ಟೇಕ್ ಮಾಡಲು ಎಷ್ಟು ದೂರ ಬೇಕು ಅಂತ ನೀವೇ ಲೆಕ್ಕ ಹಾಕಿ. ಬೆಲೊ ಹೊರಿಜಾಂಟೆಯಿಂದ ಪೂರ್ವಕ್ಕೆ ಹೋಗುವ ಬಿಆರ್-381 ರಸ್ತೆಗೆ ಜನ ಸಾವಿನ ಹೆದ್ದಾರಿ ಎಂದೇ ಹೆಸರಿಟ್ಟಿದ್ದಾರೆ. ಸಾವೊ ಪೌಲೊದಿಂದ ಕುರಿಟಿಬಾಗೆ ಹೋಗುವ ಬಿಆರ್-116ಕ್ಕೂ ಅದೇ ಹೆಸರಿತ್ತು, ಅಲ್ಲಿಯ ಕಾಫೆಜಾಲ್ ಘಾಟಿ ಜೋಡಿ ರಸ್ತೆಯಾಗಿ ಪೂರ್ತಿಯಾಗಿದ್ದು 2017ರಲ್ಲಿ. ಅದೇ ಬಿಆರ್-116 ಮೇಲೆ, ಮಿನಾಸ್ ಜೆರಾಯಿಸ್ ರಾಜ್ಯದ ತಿಯೊಫಿಲು ಒಟೋನಿ ಬಳಿ, 2024ರ ಡಿಸೆಂಬರ್ 21ರಂದು ಗ್ರಾನೈಟ್ ಲಾರಿಗೂ ಬಸ್ಸಿಗೂ ಆದ ಅಪಘಾತದಲ್ಲಿ ಸುಮಾರು 40 ಜನ ಸತ್ತರು. ಕ್ರಿಸ್‌ಮಸ್‌ಗೆ ಊರಿಗೆ ಹೊರಟವರು.

ಡಬಲ್ ಹಳದಿ ಗೆರೆ ದಾಟಿ ಓವರ್‌ಟೇಕ್ ಮಾಡಿದರೆ ದಂಡ 1,467.35 ರಿಯಲ್. ಎದುರಿನವನು ಪಕ್ಕಕ್ಕೆ ಸರಿಯುವ ಹಾಗೆ ನುಗ್ಗಿದರೆ 2,934.70. ಆದರೂ ಮಾಡುತ್ತಾರೆ. ಮುಂದಿನ ಲಾರಿಯವನು ಬಲ ಇಂಡಿಕೇಟರ್ ಹಾಕಿದರೆ ಹೋಗು ಅಂತ, ಎಡ ಹಾಕಿದರೆ ಬೇಡ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ನಿಮ್ಮ ಕಾರಿನ ವೇಗ ಅವರಿಗೆ ಗೊತ್ತಿಲ್ಲ. ರಸ್ತೆ ನಿಮ್ಮ ಕಣ್ಣಿಗೇ ಕಾಣುವವರೆಗೆ ಹೊರಗೆ ತೆಗೆಯಬೇಡಿ. ಎದುರಿನಿಂದ ಲೈಟ್ ಮಿಟುಕಿಸಿದರೆ ಮುಂದೆ ಪೊಲೀಸರೋ ಅಪಘಾತವೋ ಇದೆ ಅಂತ ಅರ್ಥ.

ನಮ್ಮ ಮನೆಯ ನಿಯಮ ಹೇಳುತ್ತೇನೆ: ಬಿಆರ್ ರಸ್ತೆಯಲ್ಲಿ ಕತ್ತಲಾದ ಮೇಲೆ ಹೋಗುವುದಿಲ್ಲ. ಕಾರ್ನಿವಲ್ ಮತ್ತು ಕ್ರಿಸ್‌ಮಸ್ ವಾರದಲ್ಲಿ ಹಗಲೂ ಹೋಗುವುದಿಲ್ಲ, ದೂರ ಇದ್ದರೆ ವಿಮಾನ.

ಪೊಲೀಸರಿಗೆ ಏನಾದರೂ ಕೊಟ್ಟು ಬಿಡಿಸಿಕೊಳ್ಳಬಹುದಾ?

ಯೋಚನೆಯನ್ನೂ ಮಾಡಬೇಡಿ. ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಿದರೇ ಅಪರಾಧ. ವೀಸಾ ಮೇಲಿರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಸಾವೊ ಪೌಲೊದಲ್ಲಿ ವಾರಕ್ಕೆ ಒಂದು ದಿನ ಕಾರು ತೆಗೆಯುವ ಹಾಗಿಲ್ಲವಂತೆ?

ಇಡೀ ದಿನ ಅಲ್ಲ. ನಗರದ ನಡುಭಾಗದಲ್ಲಿ ಬೆಳಗ್ಗೆ 7ರಿಂದ 10, ಸಂಜೆ 5ರಿಂದ 8. ನಂಬರ್ ಪ್ಲೇಟಿನ ಕೊನೆಯ ಅಂಕಿ 1, 2 ಸೋಮವಾರ, 3, 4 ಮಂಗಳವಾರ, 5, 6 ಬುಧವಾರ, 7, 8 ಗುರುವಾರ, 9, 0 ಶುಕ್ರವಾರ. 1997ರಿಂದ ಇದೆ. ಬೇರೆ ಊರಿನ ಕಾರಿಗೂ ಅನ್ವಯಿಸುತ್ತದೆ, ನಮ್ಮ ಕ್ಯಾಂಪಿನಾಸ್ ಕಡೆಯವರು ಮರೆಯುವುದು ಇದನ್ನೇ.

ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದಾ, ಹತ್ತಿರಕ್ಕೇ ಹೋಗುವುದು?

ಇಲ್ಲ. 10 ವರ್ಷದೊಳಗಿನ, 1.45 ಮೀಟರ್ ಎತ್ತರ ಆಗದ ಮಕ್ಕಳು ಹಿಂದಿನ ಸೀಟಿನಲ್ಲಿ, ವಯಸ್ಸಿಗೆ ತಕ್ಕ ಮಕ್ಕಳ ಸೀಟಿನಲ್ಲೇ ಇರಬೇಕು. 10 ವರ್ಷದೊಳಗಿನವರನ್ನು ಬೈಕಿನಲ್ಲಿ ಕೂರಿಸುವ ಹಾಗೇ ಇಲ್ಲ. ಟ್ಯಾಕ್ಸಿಗೆ ವಿನಾಯಿತಿ ಇದೆ, ಆದರೆ ಡಿಕ್ಕಿಗೆ ವಿನಾಯಿತಿ ಗೊತ್ತಿಲ್ಲವಲ್ಲ, ಸೀಟು ಜೊತೆಗೆ ಒಯ್ಯಿರಿ. ಮಗು ಅಳುತ್ತದೆ ಅಂತ ಅಜ್ಜಿ ಎತ್ತಿಕೊಳ್ಳಲು ಹೋಗುತ್ತಾರೆ, ಆಗ ಗಾಡಿ ನಿಲ್ಲಿಸಿ ಸಮಾಧಾನ ಮಾಡಿ, ಆಮೇಲೆ ಹೊರಡಿ.

ಇನ್ಶೂರೆನ್ಸ್ ಕಡ್ಡಾಯವಾ?

ನಮ್ಮ ಥರ್ಡ್ ಪಾರ್ಟಿ ಥರದ್ದು ಇಲ್ಲಿ ಇಲ್ಲ. ಗಾಯಾಳುಗಳಿಗೆ ಒಂದಿಷ್ಟು ಹಣ ಕೊಡುತ್ತಿದ್ದ ಕಡ್ಡಾಯ ವಿಮೆಯ ಕಂತನ್ನು 2021ರಿಂದ ನಿಲ್ಲಿಸಿದರು. 2024ರಲ್ಲಿ ಬೇರೆ ಹೆಸರಿನಲ್ಲಿ ಅದನ್ನು ತರುವ ಕಾನೂನು ಮಾಡಿ, ವರ್ಷ ಮುಗಿಯುವ ಮೊದಲೇ ರದ್ದು ಮಾಡಿದರು. ಇದು ದೊಡ್ಡ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ನಿಮಗೆ ಗುದ್ದಿದವನಿಗೆ ವಿಮೆ ಇಲ್ಲದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹಾಗಾಗಿ ಪೂರ್ತಿ ವಿಮೆ ಮಾಡಿಸಿ, ಬೇರೆಯವರ ನಷ್ಟ ತುಂಬುವ ಭಾಗದ ಮೊತ್ತ ದೊಡ್ಡದಿರಲಿ.

ಅಪಘಾತ ಆದರೆ ಏನು ಮಾಡಬೇಕು?

ನಿಲ್ಲಿಸಿ. ಓಡಿಹೋಗುವುದು ಅಪರಾಧ, ಗಾಯಾಳುವಿಗೆ ನೆರವು ಕೊಡದಿರುವುದು ಇನ್ನೊಂದು ಅಪರಾಧ. ಜನ ಸೇರಿ ಹೊಡೆಯುತ್ತಾರೆ ಎನ್ನುವ ನಮ್ಮೂರಿನ ಭಯ ಇಟ್ಟುಕೊಂಡು ಗಾಡಿ ತಿರುಗಿಸಬೇಡಿ. ನಿಂತು, ಪೂರ್ತಿ ನೆರವು ಕೊಟ್ಟ ಚಾಲಕನನ್ನು ಸ್ಥಳದಲ್ಲೇ ಬಂಧಿಸುವ ಹಾಗಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಆಂಬುಲೆನ್ಸ್ 192, ಅಗ್ನಿಶಾಮಕ ಮತ್ತು ರಕ್ಷಣೆ 193, ಪೊಲೀಸ್ 190, ಬಿಆರ್ ಹೆದ್ದಾರಿಯಲ್ಲಾದರೆ 191. ಗಾಯಾಳುವನ್ನು ನೀವೇ ಎತ್ತಿ ಕಾರಿಗೆ ಹಾಕಬೇಡಿ, 192ಕ್ಕೆ ಕರೆ ಮಾಡಿ ಅವರು ಹೇಳಿದ ಹಾಗೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ, ವಿದೇಶಿಯರಿಗೂ. ಪೋರ್ಚುಗೀಸ್ ಬರದವರು ತಮ್ಮ ವಿಳಾಸ, "ಅಪಘಾತವಾಗಿದೆ", "ಇಷ್ಟು ಜನಕ್ಕೆ ಗಾಯ" ಎನ್ನುವ ಮಾತುಗಳನ್ನಾದರೂ ಕಲಿತಿಟ್ಟುಕೊಳ್ಳಿ.

ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದಾರೆ. ಅವರು ಕಾರು ಓಡಿಸುವುದಿಲ್ಲ, ರಸ್ತೆ ದಾಟುವುದು ಹೇಗೆ?

ಇದನ್ನು ಕೇಳಿದವರು ಕಡಿಮೆ, ಎಲ್ಲರೂ ಕೇಳಬೇಕಾದ ಪ್ರಶ್ನೆ. ನಮ್ಮ ಹಿರಿಯರು ದಾಟುವಾಗ ಮೊದಲು ಬಲಕ್ಕೆ ನೋಡುತ್ತಾರೆ, ಇಲ್ಲಿ ಗಾಡಿ ಮೊದಲು ಬರುವುದು ಎಡದಿಂದ. ಕೈ ಎತ್ತಿ ಗಾಡಿ ನಿಲ್ಲಿಸುತ್ತಾ ನಿಧಾನಕ್ಕೆ ದಾಟುವ ನಮ್ಮ ಪದ್ಧತಿ ಇಲ್ಲಿಯ ವೇಗಕ್ಕೆ ನಡೆಯುವುದಿಲ್ಲ.

ಒಂದು ಊರು ಮಾತ್ರ ಬೇರೆ. ರಾಜಧಾನಿ ಬ್ರೆಸಿಲಿಯಾದಲ್ಲಿ ಎಂಬತ್ತು ಕಿಲೋಮೀಟರ್ ವೇಗದ ಅಗಲ ರಸ್ತೆಗಳಲ್ಲಿ ಜನ ಸಾಯುತ್ತಿದ್ದರು. ಪತ್ರಿಕೆ, ಸರ್ಕಾರ, ಶಾಲೆಗಳು ಸೇರಿ ದೊಡ್ಡ ಆಂದೋಲನ ಮಾಡಿ, 1997ರ ಏಪ್ರಿಲ್ 1ರಿಂದ ಜೀಬ್ರಾ ಪಟ್ಟೆಯ ಮುಂದೆ ನಿಲ್ಲದವರಿಗೆ ದಂಡ ಹಾಕಲು ಶುರುಮಾಡಿದರು. ಈಗ ಅಲ್ಲಿ ಪಟ್ಟೆಯ ಅಂಚಿಗೆ ಬಂದು ಕೈ ಮುಂದೆ ಚಾಚಿದರೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ಅಜ್ಜ, ಶಾಲೆ ಮಗು, ನಾಯಿ ಹಿಡಿದವರು, ಯಾರೇ ಇರಲಿ. ಇದೇ ದೇಶ, ಇದೇ ಜನ. ಅಲ್ಲಿಗೆ ಹೋದಾಗ ಅಪ್ಪ ಅಮ್ಮನಿಂದ ಒಂದು ಸಲ ಕೈ ಚಾಚಿಸಿ ದಾಟಿಸಿ. ಆದರೆ ಸಾವೊ ಪೌಲೊಗೋ ರಿಯೊಗೋ ವಾಪಸ್ ಬಂದ ಮೇಲೆ ಅದನ್ನೇ ಮಾಡಲು ಬಿಡಬೇಡಿ. ಅಲ್ಲಿ ಸಿಗ್ನಲ್ ಇದ್ದ ಕಡೆಯೇ, ಹಸಿರು ಮನುಷ್ಯ ಬಂದ ಮೇಲೆ, ಇಂಡಿಕೇಟರ್ ಇಲ್ಲದೆ ತಿರುಗುವ ಕಾರನ್ನೂ ನಡುವೆ ನುಸುಳುವ ಬೈಕನ್ನೂ ನೋಡಿಕೊಂಡು ದಾಟಬೇಕು. ಬಂದ ಮೊದಲ ವಾರ ದಿನಾ ಜೊತೆಗೆ ಹೋಗಿ, ತರಕಾರಿ ಅಂಗಡಿ, ಪಾರ್ಕು, ಔಷಧಿ ಅಂಗಡಿ ಮೂರಕ್ಕೂ ಯಾವ ಜಾಗದಲ್ಲಿ ದಾಟಬೇಕು ಅಂತ ತೋರಿಸಿಕೊಡಿ.